ಹನ್ನೊಂದನೆಯ ಕಟ್ಟಿನ ಹಾಳೆ

ಪಳ್ಮೊಗೆ ಹಳ್ಳದ ಸದ್ದು ಕೇಳುವ ಚಟ. ಚಟ ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ಆದರೆ ಬೇರೆ ಏನೆನ್ನಬೇಕು? ಬೆಣ್ಣೆ ಚಹಾ ಕಡೆಯುತ್ತ ಕೂತವಳು ಕಡೆಗೋಲು ನಿಲ್ಲಿಸಿ ಕಿವಿ ನಿಮಿರಿಸುತ್ತಾಳೆ. ಮಾತಿನ ನಡುವೆ ಕೈ ಎತ್ತಿ "ಒಂದ್ನಿಮಿಷ ಇರು" ಎನ್ನುತ್ತಾಳೆ. ಎದುರಿಗಿದ್ದವರು ಬಾಯಿ ತೆರೆದುಕೊಂಡು ಕಾಯಬೇಕು. ಮೇಲಿನ ಹಿಮ ಕರಗುವ ಬೇಸಿಗೆಯ ಮಧ್ಯಾಹ್ನಗಳಲ್ಲಂತೂ ಅವಳ ಜೊತೆ ಒಂದು ಮಾತು ಪೂರಾ ಆಡಿ ಮುಗಿಸಿದವರು ನಮ್ಮೂರಲ್ಲಿ ಯಾರೂ ಇಲ್ಲ.

ಪಕ್ಕದ ಮನೆಯ ಕುನ್ಜೆಸ್ ಒಬ್ಬಳು ಮಾತ್ರ ಕಾಯುವವಳಲ್ಲ. "ಏನಂತೆ ಹಳ್ಳ? ಏನಾದ್ರೂ ಹೊಸ ಸುದ್ದಿ ಇದ್ಯಾ, ಇಲ್ಲಾ ನಿನ್ನೆ ಹೇಳಿದ್ದನ್ನೇ ಹೇಳ್ತಿದ್ಯಾ?" ಎಂದು ಕೇಳಿ, ತನ್ನ ಮಾತನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಳ್ಳುತ್ತಾಳೆ. ಇಬ್ಬರಿಗೂ ಐವತ್ತು ದಾಟಿದೆ. ಒಂದೇ ವರ್ಷ ಸೊಸೆಯಂದಿರಾಗಿ ಲದಾಖಿನ ಈ ಕಣಿವೆಗೆ ಬಂದವರು, ಒಂದೇ ಗೋಡೆಯ ಆಚೆ ಈಚೆ ಜಗಳವಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಒಬ್ಬಳ ಒಲೆ ಆರಿದರೆ ಇನ್ನೊಬ್ಬಳು ಕೆಂಡ ಕೊಡುತ್ತಾಳೆ, ಕೊಟ್ಟದ್ದನ್ನು ವರ್ಷವಿಡೀ ಎತ್ತಿ ಆಡುತ್ತಾಳೆ.

ಆದರೆ ಪಳ್ಮೊಳ ಕಿವಿ ಹಳ್ಳದ ಕಡೆಗೇ ಯಾಕಿರುತ್ತದೆ ಎಂಬುದು ಕುನ್ಜೆಸ್‌ಗೂ ಗೊತ್ತು, ಊರಿಗೂ ಗೊತ್ತು. ಅದಕ್ಕೆ ಬುಮ್‌ನಿಂದ ಶುರು ಮಾಡಬೇಕು.

ಬುಮ್ ಎಂದರೆ ಲಕ್ಷ. ಬುದ್ಧನ ನುಡಿಯ ಲಕ್ಷ ಶ್ಲೋಕ, ಹದಿನಾರು ಕಟ್ಟು. ಒಂದೊಂದು ಕಟ್ಟೂ ಮೊಳದುದ್ದದ ಬಿಡಿ ಹಾಳೆಗಳ ರಾಶಿ. ಹೊಲಿಗೆ ಇಲ್ಲ, ಅಂಟು ಇಲ್ಲ. ಕೆಳಗೊಂದು ಮೇಲೊಂದು ಮರದ ಹಲಗೆ, ಸುತ್ತ ಹಳದಿ ಬಟ್ಟೆ, ಬಿಗಿಯಲು ತೊಗಲಿನ ಪಟ್ಟಿ, ಅಷ್ಟೆ. ವರ್ಷಕ್ಕೊಮ್ಮೆ ಜವೆಯ ಪೈರು ಗೇಣುದ್ದ ಎದ್ದಾಗ, ಹೊಲವಿರುವ ಮನೆಯವರು ಊರ ಬೌದ್ಧ ಮಠಕ್ಕೆ, ಅಂದರೆ ಗೊಂಪಾಕ್ಕೆ ಬಂದು ಆ ಕಟ್ಟುಗಳನ್ನು ಹೆಗಲಿಗೇರಿಸಿಕೊಂಡು, ಊರಿನ ಹೊಲಗಳನ್ನೆಲ್ಲ ಬಲಕ್ಕಿಟ್ಟು ಸುತ್ತು ಬರುತ್ತಾರೆ. ಯಾವ ಮನೆಗೆ ಯಾವ ಕಟ್ಟು ಎಂಬುದು ತಾತ ಮುತ್ತಾತಂದಿರ ಕಾಲದಿಂದ ನಿಂತು ಹೋಗಿದೆ. ಪ್ರತಿ ಹೊಲದ ಮೂಲೆಯಲ್ಲೂ ಆ ಹೊಲದ ಮನೆಯವರು ತಲೆ ಬಗ್ಗಿಸಿ ನಿಂತಿರುತ್ತಾರೆ. ಕಟ್ಟುಗಳು ಒಂದರ ಹಿಂದೊಂದು ಅವರ ತಲೆ ಮುಟ್ಟಿ ಮುಂದೆ ಹೋಗುತ್ತವೆ. ಆಲಿಕಲ್ಲಾಗಲಿ ಹುಳವಾಗಲಿ ನೆರೆಯಾಗಲಿ ಆ ಸುತ್ತನ್ನು ದಾಟಿ ಒಳಗೆ ಬರುವುದಿಲ್ಲ. ಪೇಟೆಯಲ್ಲಿ ಕೂತು ಇದನ್ನೆಲ್ಲ ನಂಬುವುದಿಲ್ಲ ಎಂದು ದೊಡ್ಡದಾಗಿ ಹೇಳುವವರೂ ಆ ದಿನ ಬಸ್ಸು ಹಿಡಿದು ಬಂದು ತೆಪ್ಪಗೆ ತಲೆ ಬಗ್ಗಿಸುತ್ತಾರೆ.

ಪಳ್ಮೊಳ ಗಂಡ ಲುಂಡುಪ್ ಹೊರುತ್ತಿದ್ದದ್ದು ಹನ್ನೊಂದನೆಯ ಕಟ್ಟು. ಅವರ ಮಗಳಿಗೆ ಹಾಲುಹಲ್ಲು ಬೀಳುತ್ತಿದ್ದ ವರ್ಷ, ಸುತ್ತುವ ದಿನವೇ ಹಿಮ ಬೆರೆತ ಮಳೆ ಹನಿಯಿತು. ಎಲ್ಲರ ಬೂಟಿನೊಳಗೂ ನೀರು. ಕೊನೆಗೆ ಉಳಿದದ್ದು ಹಳ್ಳದ ಪಕ್ಕದ ಒಂದೇ ಒಂದು ಹೊಲ, ಅದು ಲುಂಡುಪ್‌ನದು. ಅದಕ್ಕೆ ಹೋಗಬೇಕಾದರೆ ಊರಂಚಿನ ಸ್ತೂಪದಿಂದ ಕೆಳಗಿಳಿದು ಮೊಣಕಾಲುದ್ದದ ತಣ್ಣೀರು ದಾಟಬೇಕು. ಸ್ತೂಪದ ಹತ್ತಿರ ನಿಂತು ಅವನೇ ಹೇಳಿದ: "ನನ್ ಹೊಲ ಒಂದೇ ತಾನೆ, ಬಿಡಿ. ವಯಸ್ಸಾದೋರು ನಡುಗ್ತಿದಾರೆ. ಇಲ್ಲಿಂದ್ಲೇ ತಿರುಗೋಣ." ಎಲ್ಲರಿಗೂ ಅದೇ ಬೇಕಾಗಿತ್ತು. ಆಚೆ ದಡದ ಮೂಲೆಯಲ್ಲಿ ತಲೆ ಬಗ್ಗಿಸಿ ಕಾಯುತ್ತಿದ್ದ ಪಳ್ಮೊ, ಎಷ್ಟು ಹೊತ್ತಾದರೂ ಯಾರೂ ಬಾರದಿರಲು ತಲೆ ಎತ್ತಿ ನೋಡಿದಳು. ಹಳದಿ ಬಟ್ಟೆಯ ಸಾಲು ಸ್ತೂಪದಿಂದ ಹಿಂದಕ್ಕೆ ಹೊರಟಿತ್ತು. 

ಆ ಬೇಸಿಗೆ ಮುಗಿಯುವ ಮುಂಚೆ ಮೇಲೆಲ್ಲೋ ಮೋಡ ಒಡೆಯಿತು. ಊರಿನಲ್ಲಿ ಬಿಸಿಲು, ಹಳ್ಳದಲ್ಲಿ ಮಾತ್ರ ಕಲ್ಲು ಉರುಳುವ ಸದ್ದು. ಪೈರಿಗೆ ನೀರು ಬಿಡಲು ಹೋಗಿದ್ದ ಲುಂಡುಪ್ ಹೊಲದ ಜೊತೆಗೇ ಹೋದ. ಸಿಕ್ಕಿದ್ದು ಅವನ ಸಲಿಕೆ ಒಂದೇ, ಹೊಲದ ತುದಿಯ ಮುಳ್ಳುಪೊದೆಯ ಬುಡದಲ್ಲಿ. ಉಳಿದ ಯಾರ ಹೊಲದಲ್ಲೂ ಒಂದು ತೆನೆ ಬಗ್ಗಿರಲಿಲ್ಲ.

ಹೊಲವಿಲ್ಲದ ಮನೆಗೆ ಕಟ್ಟೂ ಇಲ್ಲ. ಹನ್ನೊಂದನೆಯ ಕಟ್ಟು ಪಕ್ಕದ ಕುನ್ಜೆಸ್‌ಳ ಮನೆಗೆ ಹೋಯಿತು. ಪಳ್ಮೊ ಕಂಡವರ ಹೊಲದಲ್ಲಿ ಕಳೆ ಕಿತ್ತು, ಉಣ್ಣೆ ನೂತು, ಮಗಳನ್ನು ಬೆಳೆಸಿ ಪಕ್ಕದ ಕಣಿವೆಗೆ ಮದುವೆ ಮಾಡಿಕೊಟ್ಟಳು. ಸುತ್ತುವ ದಿನ ಬಂದಾಗಲೆಲ್ಲ ಊರ ಮುಖ್ಯಸ್ಥ ಗೋಬಾ ಛುಲ್ಟಿಮ್‌ನ ಹತ್ತಿರ ಹೋಗಿ, "ಈ ಸಲ ನಮ್ಮ ಹೊಲಕ್ಕೂ ಬರ್ಬಹುದಾ ಗೋಬಾ-ಲೆ?" ಎಂದು, ನಮ್ಮ ಕಡೆ ಗೌರವಕ್ಕೆ ಹಚ್ಚುವ 'ಲೆ' ಸೇರಿಸಿಯೇ ಕೇಳುವಳು. ಅವನು ಕೆಟ್ಟವನಲ್ಲ. "ಹೊಲ ಇದ್ರೆ ತಾನೆ ಪಳ್ಮೊ ಸುತ್ತೋದು? ಕಲ್ಲು ಸುತ್ತಿ ಏನ್ ಬರುತ್ತೆ?" ಎನ್ನುವನು. ಮಾತು ಸರಿಯಾಗಿಯೇ ಇತ್ತು.

ಕೇಳಿ ಸಿಗದೆ ಹೋದದ್ದನ್ನು ಅವಳು ಬೇರೆ ರೀತಿಯಲ್ಲಿ ತೀರಿಸಿಕೊಂಡಳು. ಸುತ್ತುವ ದಿನ ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆಯ ಮೇಲಿನ ದಿಬ್ಬ ಹತ್ತಿ ನಿಂತು ಕಣ್ಣಿಟ್ಟು ನೋಡುವಳು. ಸಾಲು ಎಲ್ಲಾದರೂ ಅಡ್ಡದಾರಿ ಹಿಡಿದರೆ ಅಲ್ಲಿಂದಲೇ ಕೂಗು: "ಆ ಕಾಲುವೆ ಮೂಲೆ ಬಿಟ್ರಿ. ಹಿಂದಕ್ಕೆ ಬನ್ನಿ." ಅವಳನ್ನು ಬುಮ್ ಪೊಲೀಸು ಎಂದು ನಗುವರು. ನಗುತ್ತಲೇ ಹಿಂದಕ್ಕೂ ಬರುವರು. ಯಾಕೆಂದರೆ ಬಿಟ್ಟ ಮೂಲೆಗೆ ಏನಾಗುತ್ತದೆ ಎಂಬುದು ಆ ಹೆಂಗಸಿನ ಮೈಮೇಲೇ ಬರೆದಿತ್ತು.

ಇಂಥ ಪಳ್ಮೊಳ ಕೈಯಲ್ಲೇ ಆಗಬಾರದ್ದು ಆಯಿತು.

ಹೊಲ ಹೋದರೂ ಮನೆಯ ಹೆಸರು ಉಳಿದಿತ್ತು; ಈ ವರ್ಷ ಗೊಂಪಾದಲ್ಲಿ ದೀಪ ಹಚ್ಚುವ ಪಾಳಿ ಅವಳ ಮನೆಗೆ ಬಂತು. ಪಾಳಿಯವರದ್ದೇ ಇನ್ನೊಂದು ಕೆಲಸ: ಸುತ್ತುವ ಹಿಂದಿನ ದಿನ ಕಟ್ಟುಗಳನ್ನು ಚಾವಣಿಯ ಮೇಲೆ ಬಿಚ್ಚಿ, ಬಿಸಿಲು ತೋರಿಸಿ, ಧೂಳು ಕೊಡವಿ ಮತ್ತೆ ಬಿಗಿಯುವುದು. ಬೆಳಗಿನ ಹೊತ್ತಿನಲ್ಲೇ ಮುಗಿಸಬೇಕು. ನಮ್ಮ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಬೇರೆಯವರಾದರೆ ಊಟದ ಹೊತ್ತಿಗೆ ಮುಗಿಸಿ ಕೈ ತೊಳೆದಿರುತ್ತಿದ್ದರು. ಪಳ್ಮೊ ಒಂದೊಂದು ಹಾಳೆಯ ಎಡ ಅಂಚಿನ ಅಂಕೆಯನ್ನೂ ಅಕ್ಷರ ಕೂಡಿಸಿ ಓದಿ, ಸಾಲಾಗಿದೆಯೇ ಎಂದು ನೋಡಿ, ಸಾಲದೆಂದು ಮತ್ತೊಮ್ಮೆ ನೋಡಿ, ಆಮೇಲೆ ಬಿಗಿದಳು. ಎಲ್ಲಿ ತಪ್ಪಾಗಿಬಿಡುವುದೋ ಎಂಬ ಹೆದರಿಕೆಯಲ್ಲೇ ಹೊತ್ತು ಏರಿಸಿದಳು.

ಅದರ ಮೇಲೆ ಹನ್ನೊಂದನೆಯದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಲುಂಡುಪ್‌ನ ಕಟ್ಟು. ಅದರ ತೊಗಲಿನ ಪಟ್ಟಿಗೆ ಅವನೇ ಹಾಕಿದ ತೇಪೆ ಇನ್ನೂ ಇತ್ತು. ಅವಸರವಿಲ್ಲದೆ ನೋಡೋಣ ಎಂದುಕೊಂಡು ಹಾಳೆಗಳನ್ನು ಮಡಿಲ ಮುಂದೆ ಹರಡಿ, ಮೇಲೆ ಒಂದು ಕಲ್ಲಿಟ್ಟು ಕೂತಳು. ಗಾಳಿ ಎದ್ದದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಕಲ್ಲು ಎತ್ತಿ ಹಾಳೆಗಳನ್ನು ಒಟ್ಟು ಮಾಡುತ್ತಿರುವಾಗಲೇ ಹಳ್ಳದ ಸದ್ದು ದಪ್ಪಗಾಯಿತು. ಎಂಥ ಅಭ್ಯಾಸ ನೋಡಿ. ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಚಾವಣಿಯ ಅಂಚಿಗೆ ಓಡಿ, ಬಗ್ಗಿ ನೀರು ನೋಡಿದಳು. ನೀರು ಎಂದಿನಂತೆಯೇ ಇತ್ತು. ತಿರುಗಿ ಬಂದಾಗ ಹಾಳೆಗಳು ಚಾವಣಿ ತುಂಬ ಚೆಲ್ಲಿದ್ದವು.

ಬಿದ್ದೂ ಎದ್ದೂ ಎಲ್ಲವನ್ನೂ ಬಾಚಿಕೊಂಡಳು. ಗೋಡೆ ಮರೆಗೆ ಕೂತು, ಬೆರಳಿಟ್ಟು ಅಂಕೆ ನೋಡುತ್ತ ಜೋಡಿಸಿದಳು. ನಡುವೆ ಒಂದು ಹಾಳೆ ಇಲ್ಲ. ಮತ್ತೆ ಜೋಡಿಸಿದಳು, ಮತ್ತೆ ಅದೇ ಜಾಗದಲ್ಲಿ ಅಂಕೆ ಹಾರಿತು.

ಮಣಿಗೋಡೆಯ ಸಂದು, ಪಾಪ್ಲರ್ ಮರದ ಬುಡ, ಕಾಲುವೆಯ ಅಂಚು ಎಲ್ಲ ಹುಡುಕಿದಳು. ಜವೆಯ ಹೊಲದೊಳಗೆ ಪೈರು ತುಳಿಯದಂತೆ ಕಾಲಿಡುತ್ತ ಬಗ್ಗಿ ಬಗ್ಗಿ ನೋಡಿದಳು. ಯಾರಾದರೂ ತುಳಿದರೆ ಏನು ಗತಿ, ನೀರಿಗೆ ಬಿದ್ದಿದ್ದರೆ ಏನು ಗತಿ ಎಂದು ಬಾಯೊಳಗೇ ಅನ್ನುತ್ತ ಕೊನೆಗೆ ಕುನ್ಜೆಸ್‌ಳ ಅಂಗಳಕ್ಕೆ ಬಂದಳು. ಅಲ್ಲಿ ಗೂಟಕ್ಕೆ ಕಟ್ಟಿದ್ದ ಕಂದು ಹೋತ ಏನನ್ನೋ ಅಗಿಯುತ್ತ ನಿಂತಿತ್ತು. ಅದು ಯಾವಾಗಲೂ ಏನನ್ನಾದರೂ ಅಗಿಯುತ್ತಲೇ ಇರುವ ಪ್ರಾಣಿ. ಪೇಟೆಯ ಕಟುಕ ವಾರದೊಳಗೆ ಬಂದು ಒಯ್ಯುವವನಿದ್ದ, ಅದಕ್ಕೇ ಉಳಿದ ಆಡುಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಕಳಿಸದೆ ಕಟ್ಟಿಹಾಕಿದ್ದರು.

ಕುನ್ಜೆಸ್ ಬಾಗಿಲಲ್ಲೇ ನಿಂತಿದ್ದಳು. "ಏನ್ ಹುಡುಕ್ತಿದೀಯ?"

"ಏನಿಲ್ಲ. ತಲೆಬಟ್ಟೆ ಹಾರಿಹೋಯ್ತು."

ತಲೆಬಟ್ಟೆ ಪಳ್ಮೊಳ ತಲೆಯ ಮೇಲೇ ಇತ್ತು. ಬೇರೆ ದಿನವಾಗಿದ್ದರೆ ಆ ಒಂದು ಮಾತು ಕುನ್ಜೆಸ್‌ಗೆ ಮುಂದಿನ ಚಳಿಗಾಲದವರೆಗೂ ಸಾಕಾಗುತ್ತಿತ್ತು. ಅವತ್ತು ಅವಳು "ಹೌದಾ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಳ್ಮೊ ತನ್ನ ತಾಪತ್ರಯದಲ್ಲಿ ಅದನ್ನು ಗಮನಿಸಲೂ ಇಲ್ಲ.

ಸಂಜೆ ಗೋಬಾ ಛುಲ್ಟಿಮ್ ಗೊಂಪಾಕ್ಕೆ ಬಂದ. ಬಿಗಿದಿಟ್ಟ ಹದಿನಾರು ಕಟ್ಟುಗಳನ್ನು ನೋಡಿ ಸಂತೋಷಪಟ್ಟ. "ನಿನ್ನ ಪಾಳಿ ಅಂದ್ಮೇಲೆ ನಾನು ಕೇಳೋದೇ ಬೇಡ. ಎಲ್ಲ ಸರಿ ಇದೆ ತಾನೆ?"

ಪಳ್ಮೊ ಮನಸ್ಸಿನಲ್ಲೇ ತೂಗಿ ನೋಡಿದಳು. ಹೇಳಿದರೆ ನಾಳೆ ಸುತ್ತು ಇಲ್ಲ. ಊನವಾದ ಬುಮ್ ಹೊರಡಿಸುವ ಧೈರ್ಯ ಯಾರಿಗೂ ಇರಲಾರದು. ಪಂಚಾಂಗ ನೋಡುವ ಓನ್ಪೊ ಇಟ್ಟುಕೊಟ್ಟ ದಿನ ಅದೊಂದೇ, ಆಮೇಲೆ ಒಳ್ಳೆಯ ದಿನ ಬರುವುದು ತೆನೆ ಕಟ್ಟಿದ ಮೇಲೆ. ಅಷ್ಟರೊಳಗೆ ಆಲಿಕಲ್ಲು ಬಿದ್ದರೆ, ನೆರೆ ಬಂದರೆ? ಹೇಳದಿದ್ದರೆ ಹರಕು ಬುಮ್ ಊರು ಸುತ್ತುತ್ತದೆ. ಬಿಟ್ಟ ಒಂದು ಹೊಲಕ್ಕೇ ಅಷ್ಟಾಯಿತು. ಬಿಟ್ಟ ಒಂದು ಹಾಳೆಗೆ ಏನಾದೀತು? ಆ ಹಾಳೆಯಲ್ಲಿ ಏನು ಬರೆದಿತ್ತೋ ಏನೋ. ನೀರಿನ ಮಾತೇ ಇದ್ದರೆ?

"ಹೂಂ ಗೋಬಾ-ಲೆ" ಎಂದಳು. ಅವನು ಹೋದ ಮೇಲೆ ಒಲೆಯ ಮುಂದೆ ಹುರಿಹಿಟ್ಟು ಕಲಸಿಕೊಂಡು ಕೂತಳು. ಮುದ್ದೆ ಕೈಯಲ್ಲೇ ಒಣಗಿತು. ರಾತ್ರಿ ಒಂದು ರೆಪ್ಪೆ ಮುಚ್ಚಲಿಲ್ಲ.

ಬೆಳಿಗ್ಗೆ ಗೊಂಪಾದ ಅಂಗಳದಲ್ಲಿ ಧೂಪಕ್ಕೆ ಸುಡುವ ಶುಕ್ಪಾ ಸೊಪ್ಪಿನ ಹೊಗೆ ಎದ್ದಿತು. ನಗಾರಿ, ಉದ್ದ ಕಹಳೆ, ಹೊಸ ನಿಲುವಂಗಿ, ಕಿವಿಯ ಹಿಂದೆ ಹೂವು ಸಿಕ್ಕಿಸಿಕೊಂಡ ಗಂಡಸರು. ಮುದುಕ ರಬ್ಗ್ಯಾಸ್ ಲಾಮಾ ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಅವರಿಗೆ ಮೊಣಕಾಲು ನೋವು, ಆದ್ದರಿಂದ ಲೋಕದ ಮೇಲೆಲ್ಲ ಸ್ವಲ್ಪ ಸಿಟ್ಟು. ಪಳ್ಮೊ ಒಂದೊಂದೇ ಕಟ್ಟನ್ನು ಎರಡೂ ಕೈಯಲ್ಲೆತ್ತಿ, ಹಣೆಗೊತ್ತಿಕೊಂಡು, ಹೊರುವವರ ಕೈಗೆ ಕೊಡುತ್ತ ಬಂದಳು. ಹತ್ತನೆಯದು ಹೋಯಿತು. ಕುನ್ಜೆಸ್ ಮುಂದೆ ಬಂದು ಕೈ ಚಾಚಿದಳು.

ಪಳ್ಮೊ ಕೊಟ್ಟಳು, ಆದರೆ ಬಿಡಲಿಲ್ಲ.

ಕುನ್ಜೆಸ್ ಮೆಲ್ಲಗೆ ಎಳೆದಳು. ಪಳ್ಮೊಳ ಬೆರಳು ಲುಂಡುಪ್‌ನ ತೇಪೆಯ ಮೇಲೆ ಬಿಗಿದಿದ್ದವು. "ಬಿಡೇ" ಎಂದು ಕುನ್ಜೆಸ್ ಹಲ್ಲು ಕಚ್ಚಿಕೊಂಡು ಅಂದಳು. "ಎಲ್ಲಾರೂ ನೋಡ್ತಿದಾರೆ."

"ಇದ್ರಲ್ಲಿ ಒಂದು ಹಾಳೆ ಇಲ್ಲ" ಎಂದಳು ಪಳ್ಮೊ.

ನಗಾರಿ ಬಡಿಯುವವನ ಕೈ ನಿಂತಿತು. ಗೋಬಾ ಗುಂಪು ಸೀಳಿಕೊಂಡು ಬಂದ. "ಏನಂದೆ?"

"ನಿನ್ನೆ ಗಾಳಿಗೆ ಹೋಯ್ತು ಗೋಬಾ-ಲೆ. ಹಳ್ಳದ ಸದ್ದು ದಪ್ಪಗಾಯ್ತು ಅಂತ ನೋಡೋಕೆ ಎದ್ದೆ. ಸಂಜೆವರೆಗೂ ಹುಡುಕ್ದೆ. ಸಿಗ್ಲಿಲ್ಲ."

"ಸಂಜೆ ನಾನು ಕೇಳ್ದಾಗ ಹೂಂ ಅಂದ್ಯಲ್ಲ."

"ಅಂದೆ."

"ಬೇರೆಯೋರು ಒಂದು ಮೂಲೆ ಬಿಟ್ರೆ ದಿಬ್ಬದ ಮೇಲಿಂದ ಊರು ಕಿತ್ತುಹೋಗೋ ಹಾಗೆ ಕಿರಿಚ್ತೀಯ. ನೀನು ಮಾತ್ರ ಹಾಳೆಗೆ ಹಾಳೆನೇ ನುಂಗಿ ಕೂತ್ಕೋತೀಯ." ಛುಲ್ಟಿಮ್‌ಗೆ ಸಿಟ್ಟಿಗಿಂತ ದಿಗಿಲು ಹೆಚ್ಚಾಗಿತ್ತು, ಬಿಸಿಲು ಆಗಲೇ ಎದುರಿನ ಗುಡ್ಡದಿಂದ ಇಳಿದು ಹೊಲ ಮುಟ್ಟಿತ್ತು. ಹಿಂದಿನಿಂದ ಯಾರೋ ಸುತ್ತು ನಿಲ್ಲಿಸಿ ಎಂದರು. ಇನ್ನು ಯಾರೋ ನಿಲ್ಲಿಸಿದರೆ ಹೊಲ ಕಾಯುವವರು ಯಾರು, ನೀನಾ ಎಂದರು. ಪಳ್ಮೊ ನೆಲ ನೋಡುತ್ತ ನಿಂತಳು. ಅವಮಾನಕ್ಕೆ ಅವಳು ತಯಾರಾಗಿದ್ದಳು. ಸುತ್ತು ನಿಲ್ಲುತ್ತದೆ ಎಂಬುದಕ್ಕೆ ಮಾತ್ರ ತಯಾರಾಗಿರಲಿಲ್ಲ.

"ಅವಳು ನುಂಗಿಲ್ಲ" ಎಂದಳು ಕುನ್ಜೆಸ್.

ಎಲ್ಲರೂ ಅವಳ ಕಡೆ ತಿರುಗಿದರು. ಕುನ್ಜೆಸ್ ತನ್ನ ನಿಲುವಂಗಿಯ ಎದೆಯೊಳಗೆ ಕೈ ಹಾಕಿ, ಮಡಚಿದ ರೇಷ್ಮೆ ಬಟ್ಟೆ ತೆಗೆದು ಬಿಚ್ಚಿದಳು. ಒಳಗೆ ಅಂಗೈಯಗಲದ ಕಾಗದದ ಚೂರು. ಅಂಚಿನಲ್ಲಿ ಹಲ್ಲಿನ ಗುರುತು, ಎಡಕ್ಕೆ ಅಂಕೆ. ಪಳ್ಮೊ ಆ ಅಂಕೆಯನ್ನು ಒಂದೇ ನೋಟದಲ್ಲಿ ಗುರುತಿಸಿದಳು.

"ನನ್ನ ಹೋತ ತಿಂತು" ಎಂದಳು ಕುನ್ಜೆಸ್. ಅವಳ ದನಿ ಕಿರಿದಾಗಿತ್ತು. "ನಾನು ಬಂದು ಬಾಯಿ ಹಿಡಿಯೋ ಹೊತ್ತಿಗೆ ಇಷ್ಟೇ ಉಳಿದಿತ್ತು. ಅಕ್ಷರ ನೋಡಿ ಜೀವ ಹಾರಿಹೋಯ್ತು. ಬುದ್ಧನ ನುಡಿ ತಿಂದ ಪಾಪ ನಮ್ಮನೆಗೆ ಸುತ್ಕೊಳ್ಳುತ್ತೆ ಅಂತ ಸುಮ್ನಾದೆ. ಇವಳು ಬಂದು ತಲೆಬಟ್ಟೆ ತಲೆ ಮೇಲಿಟ್ಕೊಂಡೇ ತಲೆಬಟ್ಟೆ ಹುಡುಕ್ತಿದ್ಳು. ನನಗೆ ನಗೋಕೂ ಆಗ್ಲಿಲ್ಲ. ನಾನೂ ರಾತ್ರಿ ನಿದ್ದೆ ಮಾಡಿಲ್ಲ, ಬೇಕಾದ್ರೆ ನಮ್ಮೆಜಮಾನ್ರನ್ನ ಕೇಳಿ."

"ಹಾಗಾದ್ರೆ ಹಾಳೆ ಹೋಯ್ತು" ಎಂದ ಗೋಬಾ. "ಸಿಗೋ ಆಸೆನೂ ಹೋಯ್ತು."

"ಹೋಗೋದೆಲ್ಲಿಗೆ? ಹೋತದ ಹೊಟ್ಟೇಲಿದೆ" ಎಂದು ಕುನ್ಜೆಸ್ ಕಣ್ಣೊರೆಸಿಕೊಳ್ಳುತ್ತ ರೇಗಿದಳು. "ಇನ್ನೇನ್ ಮಾಡ್ಲಿ, ನನ್ನ ಹೋತಾನೂ ಬುಮ್ ಜೊತೆ ಊರು ಸುತ್ತಿಸ್ಲಾ?"

"ಹೂಂ" ಎಂದರು ರಬ್ಗ್ಯಾಸ್ ಲಾಮಾ. "ಸುತ್ತಿಸು."

ಯಾರೋ ಕಿಸಕ್ಕೆಂದು ನಕ್ಕರು. ಲಾಮಾ ನಗಲಿಲ್ಲ. "ನಗೋದಕ್ಕೇನಿದೆ? ಹಾಳೆ ಊರು ಬಿಟ್ಟು ಹೋಗಿಲ್ಲ. ದೊಡ್ಡ ಗೊಂಪಾದಲ್ಲಿ ಇನ್ನೊಂದು ಬುಮ್ ಇದೆ, ಅದನ್ನ ನೋಡಿ ನಾನು ಹೊಸ ಹಾಳೆ ಬರೆದು ಸೇರಿಸ್ತೀನಿ, ಅದಕ್ಕೆ ದಿನ ಬೇಕು. ಇವತ್ತಿಗೆ ಹಳೇ ಹಾಳೆ ಎಲ್ಲಿದ್ಯೋ ಅಲ್ಲಿಂದ್ಲೇ ಬರ್ಲಿ. ಹನ್ನೊಂದನೇ ಕಟ್ಟಿನ ಹಿಂದೆ."

"ಪ್ರಾಣಿ ಲಾಮಾ-ಲೆ" ಎಂದ ಗೋಬಾ. "ನಾಲ್ಕು ಜನ ಏನಂದಾರು?"

"ಹೋತ ಗೊತ್ತಿಲ್ದೆ ತಿಂತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೋರು ಇಬ್ರು ಇಲ್ಲೇ ನಿಂತಿದಾರೆ. ಅವರಿಗಿಂತ ಹೋತ ವಾಸಿ." ಲಾಮಾ ಮೊಣಕಾಲು ಹಿಡಿದುಕೊಂಡು ಎದ್ದರು. "ಅದರ ಕಿವಿಗೆ ಕೆಂಪು ದಾರ ಕಟ್ಟಿ. ಇನ್ನು ಅದನ್ನ ಯಾರೂ ಕೊಯ್ಯೋ ಹಾಗಿಲ್ಲ."

"ಕಟುಕನಿಗೆ ಮಾತು ಕೊಟ್ಬಿಟ್ಟಿದೀನಲ್ಲ ಲಾಮಾ-ಲೆ" ಎಂದಳು ಕುನ್ಜೆಸ್.

"ಅವನು ಬಂದಾಗ ನನ್ನ ಹತ್ರ ಕಳಿಸು."

ಹೀಗೆ ಆ ವರ್ಷ ನಮ್ಮೂರಿನ ಬುಮ್ ಹೊರಟಿತು. ಮುಂದೆ ಕಹಳೆ, ಆಮೇಲೆ ಹತ್ತು ಕಟ್ಟು, ಹನ್ನೊಂದನೆಯದನ್ನು ಹೊತ್ತ ಕುನ್ಜೆಸ್, ಅವಳ ಹಿಂದೆ ಕಿವಿಯಲ್ಲಿ ಕೆಂಪು ದಾರದ ಹೋತ. ಹಗ್ಗ ಹಿಡಿದವಳು ಪಳ್ಮೊ. ಹಾಳೆ ಕಳೆದವಳೇ ಹಾಳೆ ಕಾಯಲಿ ಎಂದು ಗೋಬಾ ಹಗ್ಗವನ್ನು ಅವಳ ಕೈಗೆ ತುರುಕಿದ್ದ. ಗಂಡ ಹೋದ ಮೇಲೆ ಅವಳು ಸಾಲಿನೊಳಗೆ ನಡೆದದ್ದು ಅದೇ ಮೊದಲು.

ನಡೆದದ್ದೇನು ಬಂತು, ಪ್ರತಿ ಹೆಜ್ಜೆಗೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಹೋತ ಪೈರಿಗೆ ಬಾಯಿ ಹಾಕಿದರೆ? ಕಟ್ಟು ಮುಟ್ಟಿಸಿಕೊಳ್ಳಲು ಬಗ್ಗಿದವರ ತಲೆಗೆ ಹಾಯ್ದರೆ? ಎರಡನೆಯ ಹೊಲದಲ್ಲೇ ಒಬ್ಬ ಅಜ್ಜಿಯ ತಲೆಯ ಹೂವನ್ನು ಅದು ಕಿತ್ತುಕೊಂಡು ತಿಂದಿತು. ಅಜ್ಜಿ ಮೇಲೆ ನೋಡದೆ, "ಇದು ಯಾವ ಕಟ್ಟಪ್ಪ, ಇಷ್ಟು ವಾಸನೆ" ಎಂದು ಗೊಣಗಿದಳು. ಸಾಲಿನಲ್ಲಿ ನಗು ಹರಿಯಿತು. ಪಳ್ಮೊ ನಗಲಿಲ್ಲ. ಬಿಸಿಲು ಏರುತ್ತಿತ್ತು, ಮೇಲೆ ಹಿಮ ಕರಗುವ ಹೊತ್ತು. ಒಂದು ಕೈಯಲ್ಲಿ ಹಗ್ಗ, ಕಿವಿ ಹಳ್ಳದ ಕಡೆ. ಹಾಳೆಯ ಚೂರನ್ನು ಲಾಮಾ ಕಟ್ಟಿನೊಳಗೇ ಸೇರಿಸಿದ್ದರು. ಉಳಿದದ್ದು ಈ ಹೋತದೊಳಗೆ ಇದೆಯೋ ಇಲ್ಲವೋ, ಇದ್ದರೂ ದೇವರುಗಳು ಇದನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ, ಯಾರಿಗೆ ಗೊತ್ತು.

ಹೊಲಗಳು ಮುಗಿದು ಸಾಲು ಸ್ತೂಪದ ಹತ್ತಿರ ಬಂತು. ಅಲ್ಲಿ ಎಲ್ಲರೂ ಬಲಕ್ಕೆ ತಿರುಗಿ ಗೊಂಪಾದ ದಾರಿ ಹಿಡಿಯುತ್ತಾರೆ. ಕೆಳಗೆ ಹಳ್ಳ, ಆಚೆ ಬಿಳಿ ಕಲ್ಲುಗಳ ರಾಶಿ, ಅದರ ತುದಿಯಲ್ಲಿ ಹುಳಿಕಾಯಿ ಬಿಡುವ ಮುಳ್ಳುಪೊದೆ, ಹೊಸ ಚಿಗುರು ಹೊತ್ತು ಹಸುರಾಗಿ ನಿಂತಿತ್ತು. ಪಳ್ಮೊ ಆ ಕಡೆ ನೋಡಬಾರದೆಂದು ಮುಖ ತಿರುಗಿಸಿಕೊಂಡಳು.

ಹೋತ ನೋಡಿತು.

ಒಂದೇ ಜಗ್ಗಿಗೆ ಹಗ್ಗ ಅವಳ ಅಂಗೈ ಸುಲಿದು ಹೋಯಿತು. ಅವಳು ಬೇಕೆಂದೇ ಬಿಟ್ಟಳು ಎಂದು ಆಮೇಲೆ ಕೆಲವರು ಹೇಳಿದರು. ಅವಳಿಗೆ ಅಷ್ಟು ಧೈರ್ಯ ಇದ್ದಿದ್ದರೆ ಎಂದೋ ಎಷ್ಟೋ ಮಾಡುತ್ತಿದ್ದಳು. ಹೋತ ಇಳಿಜಾರು ಇಳಿದು, ನೀರು ಹಾರಿ, ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಹೋಗಿ ಮುಳ್ಳುಪೊದೆಗೆ ಬಾಯಿ ಹಾಕಿತು.

"ಹಿಡೀರಿ ಅದನ್ನ" ಎಂದು ಮುಂದಿನಿಂದ ಗೋಬಾ ಕೂಗಿದ. "ನೀವು ಮುಂದೆ ನಡೀರಿ. ಯಾರಾದ್ರೂ ಒಬ್ರು ಹೋಗಿ ಹಿಡ್ಕೊಂಡ್ ಬರ್ಲಿ."

ಕುನ್ಜೆಸ್ ನಿಂತುಬಿಟ್ಟಳು. ಹೆಗಲ ಮೇಲಿನ ಕಟ್ಟನ್ನು ಒಮ್ಮೆ ಮೇಲಕ್ಕೆ ಸರಿಸಿಕೊಂಡಳು. ಪಳ್ಮೊಳ ಮುಖ ನೋಡಿದಳು, ಕಲ್ಲುರಾಶಿ ನೋಡಿದಳು.

"ನನ್ ಕಟ್ಟಿನ ಹಾಳೆ ಅಲ್ಲಿದೆ ಗೋಬಾ-ಲೆ" ಎಂದಳು. "ಹಾಳೆ ಬಿಟ್ಟು ಕಟ್ಟು ಹೆಂಗೆ ಮುಂದೆ ಹೋಗೋದು?"

"ಅಲ್ಲಿ ಏನಿದೆ? ಕಲ್ಲು."

"ಈ ಕಟ್ಟು ಹೊತ್ತವನು ಇಲ್ಲೇ ನಿಂತು ನನ್ ಹೊಲ ಬಿಡಿ ಅಂದ. ಎಲ್ರೂ ಖುಷಿಯಾಗಿ ಬಿಟ್ರಿ. ನಾನೂ ಬಿಟ್ಟೆ, ಕಾಲು ಮರಗಟ್ಟಿತ್ತು ನಂಗೂ." ಅವಳು ಬೂಟು ಕಳಚಿ ಸ್ತೂಪದ ಬುಡದಲ್ಲಿಟ್ಟಳು. "ಈಗ ಬಿಸಿಲಿದೆ."

ಹೇಳಿದವಳೇ ಇಳಿಜಾರು ಇಳಿದಳು. ನೀರಿಗೆ ಕಾಲಿಟ್ಟು ಬೈದುಕೊಂಡಳು, ಆದರೆ ನಿಲ್ಲಲಿಲ್ಲ. ಹನ್ನೆರಡನೆಯ ಕಟ್ಟಿನವನು ಗೋಬಾನ ಮುಖ ನೋಡಿದ. ಹನ್ನೊಂದನೆಯದನ್ನು ದಾಟಿ ಹನ್ನೆರಡು ಹೋಗುವಂತಿಲ್ಲ, ಅದು ಬುಮ್‌ನ ಮೊದಲ ಕಟ್ಟಳೆ. ಅವನೂ ಇಳಿದ. ಅವನ ಹಿಂದೆ ಉಳಿದವರು. ಆಗಲೇ ಗೊಂಪಾದ ದಾರಿ ಹಿಡಿದಿದ್ದ ಹತ್ತು ಕಟ್ಟಿನವರು ತಿರುಗಿ ನೋಡಿದರು, ಹಿಂದೆ ಸಾಲೇ ಇಲ್ಲ. ಏನು ಮಾಡಿಯಾರು? ತಿರುಗಿ ಬಂದರು. ಮೊದಲಿನವರು ಮೊದಲಾಗಬೇಕೆಂದು ಕುನ್ಜೆಸ್ ಆಚೆ ದಡದಲ್ಲಿ ಪಕ್ಕಕ್ಕೆ ನಿಂತು ಅವರಿಗೆ ದಾರಿ ಬಿಟ್ಟಳು. ಒಂದು, ಎರಡು, ಮೂರು ಎಂದು ಕಟ್ಟುಗಳು ಅವಳನ್ನು ದಾಟಿ ಹೋಗಿ, ಕಲ್ಲುರಾಶಿಯನ್ನು ಬಲಕ್ಕಿಟ್ಟುಕೊಂಡು ನಡೆಯತೊಡಗಿದವು. ಕೋಲೂರಿಕೊಂಡು ಸಾಲಿನ ಹಿಂದೆ ಬಂದಿದ್ದ ಲಾಮಾ ಸ್ತೂಪದ ಹತ್ತಿರವೇ ಕೂತು ಕಹಳೆಯವನಿಗೆ, "ಏನ್ ನೋಡ್ತೀಯ, ಊದು" ಎಂದರು.

ಪಳ್ಮೊ ಹೇಗೆ ನೀರು ದಾಟಿದಳೋ ಅವಳಿಗೆ ನೆನಪಿಲ್ಲ. ಕಲ್ಲುಗಳ ಅಂಚಿನಲ್ಲಿ ಬಂದು ನಿಂತಳು. ಎಲ್ಲಿ ಹೊಲದ ಬದು ಇತ್ತು, ಎಲ್ಲಿ ಕಾಲುವೆ ಒಡೆದುಕೊಳ್ಳುತ್ತಿತ್ತು, ಎಲ್ಲವೂ ಆ ಕಲ್ಲಿನ ಕೆಳಗೇ ಅವಳಿಗೆ ಕಾಣುತ್ತಿತ್ತು. ಕೈ ಎಲ್ಲಿಡಬೇಕೋ ತಿಳಿಯದೆ ತಲೆಬಟ್ಟೆಯ ತುದಿ ಹಿಂಡುತ್ತ ನಿಂತವಳ ಮುಂದೆ ಮೊದಲ ಕಟ್ಟಿನವನು ಬಂದು ಕಾದ. ಅವಳಿಗೆ ಅರ್ಥವಾಗಲಿಲ್ಲ.

"ಬಗ್ಗೇ" ಎಂದು ಸಾಲಿನ ಹಿಂದಿನಿಂದ ಕುನ್ಜೆಸ್ ಕೂಗಿದಳು. "ನಿನ್ನ ಹೊಲ ಅಲ್ವಾ?"

ಪಳ್ಮೊ ಬಗ್ಗಿದಳು. ಕಟ್ಟುಗಳು ಒಂದೊಂದಾಗಿ ಅವಳ ತಲೆ ಮುಟ್ಟಿದವು. ಹನ್ನೊಂದನೆಯದು ಬಂದಾಗ ತೊಗಲಿನ ತೇಪೆ ಹಣೆಗೆ ತಾಕಿತು, ಅದು ಅವಳಿಗೆ ಗೊತ್ತಾಯಿತು. ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ.  ಮುಳ್ಳುಪೊದೆಯ ಹತ್ತಿರ ಕುನ್ಜೆಸ್ ಹೋತದ ಹಗ್ಗ ಹಿಡಿದುಕೊಂಡಳು, ಅದು ಚಿಗುರು ಅಗಿಯುತ್ತಲೇ ಅವಳ ಹಿಂದೆ ಹೊಲದ ಸುತ್ತು ಮುಗಿಸಿತು.

ಹದಿನಾರನೆಯ ಕಟ್ಟೂ ಹೋದ ಮೇಲೆ ಕೊನೆಯಲ್ಲಿ ಗೋಬಾ ಛುಲ್ಟಿಮ್ ಬಂದ, ಒದ್ದೆ ಬೂಟು ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಕಲ್ಲಿನ ಮೇಲೆ ಕುಂಟುತ್ತ. ಪಳ್ಮೊ ಇನ್ನೂ ಬಗ್ಗಿಯೇ ಇದ್ದಳು. ಅವನು ಅವಳ ಮುಂದೆ ಬಂದು ನಿಂತ.

"ಮುಂದಿನ ವರ್ಷದೊಳಗೆ ಈ ಕಲ್ಲನ್ನ ಒಂದಾಳು ನಡೆಯೋಷ್ಟಾದ್ರೂ ಸರಿಸಿಡು" ಎಂದ. "ಕಾಲು ನೋಯುತ್ತೆ."

"ಆಗ್ಲಿ ಗೋಬಾ-ಲೆ" ಎಂದಳು ಪಳ್ಮೊ.